ಸವಳು ನೀರಿನ ಊರಲ್ಲಿ ಲಿಂಬೆ ಹೋಳು

ನನ್ನ ನಾದಿನಿ ಪುಣೆಯಲ್ಲಿದ್ದಾಳೆ. ಮನೆ ಸ್ವಚ್ಛ ಮಾಡುವ ವಿಡಿಯೋ ಎಲ್ಲಿ ಕಂಡರೂ ಮೊದಲು ನನಗೆ ಕಳಿಸುತ್ತಾಳೆ. "ವೈನಿ, ಇದನ್ನ ಮಾಡಿ ನೋಡ್ರಿ" ಅಂತ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ. ಆ ವಿಡಿಯೋಗಳೆಲ್ಲ ಹೆಚ್ಚು ಕಮ್ಮಿ ಒಂದೇ ತರ. ಸಿಂಕಿಗೆ ಅಡುಗೆ ಸೋಡಾ ಉದುರಿಸುತ್ತಾರೆ, ಮೇಲೆ ವಿನೆಗರ್ ಸುರಿಯುತ್ತಾರೆ, ಬುಸ್ಸಂತ ನೊರೆ ಏಳುತ್ತದೆ, ಸಿಂಕು ಫಳಫಳ ಹೊಳೆಯುತ್ತದೆ.

ನೋಡೋಕೆ ಚೆಂದ. ಕೆಲಸ ಮಾತ್ರ ಕಮ್ಮಿ. ವಿನೆಗರ್ ಹುಳಿ, ಸೋಡಾ ಕ್ಷಾರ. ಎರಡನ್ನೂ ಕೂಡಿಸಿದರೆ ಒಂದರ ಕಸುವನ್ನು ಇನ್ನೊಂದು ತೆಗೆದುಹಾಕುತ್ತದೆ. ಆ ನೊರೆಯಲ್ಲಿ ಇರುವುದು ಬರೀ ಕಾರ್ಬನ್ ಡೈ ಆಕ್ಸೈಡ್. ಅದು ಇಳಿದ ಮೇಲೆ ತಳದಲ್ಲಿ ಉಳಿಯುವ ನೀರಿಗೂ ಸಾದಾ ನೀರಿಗೂ ದೊಡ್ಡ ಫರಕಿಲ್ಲ. ಸಿಂಕು ಹೊಳೆದದ್ದು ಆಮೇಲೆ ಬ್ರಷ್ ಹಿಡಿದು ತಿಕ್ಕಿದ್ದಕ್ಕೆ. ಆ ಭಾಗವನ್ನು ವಿಡಿಯೋದಲ್ಲಿ ಜೋರಾಗಿ ಓಡಿಸಿಬಿಡುತ್ತಾರೆ, ಅಲ್ವಾ?

ಹುಳಿ, ಸೋಡಾ ಎರಡೂ ನಮ್ಮ ಮನೆಯಲ್ಲಿವೆ. ಆದರೆ ಒಟ್ಟಿಗೆ ಬಳಸುವುದಿಲ್ಲ. ವಿಜಯಪುರದ ಮನೆಗಳಲ್ಲಿ ಹಟ ಹಿಡಿದು ಕೂರುವ ಕೊಳೆ ಎರಡು ಜಾತಿ. ಒಂದು, ನೀರು ಬಿಟ್ಟುಹೋಗುವ ಬಿಳಿ ಸುಣ್ಣ. ಇನ್ನೊಂದು, ಅಡುಗೆಮನೆಯ ಜಿಡ್ಡು. ಸುಣ್ಣಕ್ಕೆ ಹುಳಿ ಬೇಕು, ಜಿಡ್ಡಿಗೆ ಸೋಡಾ ಬೇಕು. ಕೈಗೆ ಬ್ರಷ್ ತಗೊಳ್ಳುವ ಮೊದಲು ಇದು ಯಾವ ಜಾತಿ ಅಂತ ಒಮ್ಮೆ ಉಗುರಿನಿಂದ ಕೆರೆದು ನೋಡುತ್ತೇನೆ. ಪುಡಿಪುಡಿಯಾಗಿ ಉದುರಿದರೆ ಸುಣ್ಣ. ಉಗುರಿಗೆ ಅಂಟಿಕೊಂಡರೆ ಜಿಡ್ಡು.

ನಾನು ಬೆಳೆದದ್ದು ಖಾನಾಪುರದ ಕಡೆ. ಅಲ್ಲಿ ಮಳೆ ಜಾಸ್ತಿ, ನೀರು ಮೆದು. ಅಲ್ಲಿಯ ತಕರಾರೆಲ್ಲ ಬೂಷ್ಟಿನದು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಟ್ರಂಕಿನೊಳಗಿನ ಬಟ್ಟೆ ಯಾವುದನ್ನೂ ಬಿಡುವುದಿಲ್ಲ. ಮದುವೆಯಾಗಿ ಇಲ್ಲಿಗೆ ಬಂದರೆ ಬೂಷ್ಟಿನ ಸುದ್ದಿಯೇ ಇಲ್ಲ. ಬದಲಿಗೆ, ತೊಳೆದು ಬೋರಲು ಹಾಕಿದ ಗಂಗಾಳದ ತುಂಬ ಬಿಳಿ ಚುಕ್ಕೆ. ನಳದ ಬಾಯಿಗೆ ಬಿಳಿ ಗಡ್ಡೆ. ತಲೆಗೆ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಕೂದಲು ಅಂಟಂಟು. "ಬೋರಿನ ನೀರವಾ, ಸವಳ. ಒರಸದಿದ್ರ ಹಿಂಗ ಆಗ್ತದ" ಅಂದಿದ್ದರು ನಮ್ಮತ್ತೆ, ಇದರಲ್ಲಿ ಹೇಳುವುದೇನಿದೆ ಅನ್ನುವ ಹಾಗೆ.

ಕಲ್ಲು ಮಣ್ಣಿನ ಸಂದಿಯಲ್ಲಿ ಇಳಿದು ಹೋಗುವಾಗ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಹೋಗುತ್ತದೆ. ಬೋರಿನಿಂದ ಎತ್ತಿದಾಗ ಅವೂ ಜೊತೆಗೇ ಮೇಲೆ ಬರುತ್ತವೆ. ಕಾಯಿಸಿದರೆ ಕ್ಯಾಲ್ಸಿಯಂ ಸುಣ್ಣದ ಪದರಾಗಿ ತಳಕ್ಕೆ ಕೂರುತ್ತದೆ. ಗಂಗಾಳದ ಮೇಲೆ ಆರಿದರೆ ಚುಕ್ಕೆ ಬಿಡುತ್ತದೆ. ಸೋಪಿನ ಜೊತೆ ಸೇರಿದರೆ ಬೂದು ಬಣ್ಣದ ಜಿಗುಟು ಕೆನೆಯಾಗುತ್ತದೆ. ಬಕೀಟಿನ ಅಂಚಿಗೆ ಹತ್ತಿದ ಆ ಬೂದು ಗೆರೆ ಇಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ? ಅದನ್ನು ನೋಡಿ ಸೋಪು ಇನ್ನಷ್ಟು ಉಜ್ಜುತ್ತಾರೆ. ಸೋಪು ಹಾಕಿದಷ್ಟೂ ಕೆನೆ ಜಾಸ್ತಿಯಾಗುತ್ತದೆ.

ನಮ್ಮ ಓಣಿಯಲ್ಲಿ ಎರಡು ನೀರು. ಒಂದು ಬೋರಿನದು. ಇನ್ನೊಂದು ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿ ಊರಿಗೆ ತರುವ ನಳದ ನೀರು. ಹೊಳೆ ನೀರು ಮೆದು. ಆದರೆ ಅದು ಬರುವುದು ಬಿಟ್ಟು ಬಿಟ್ಟು. ಹಾಗಾಗಿ ತಿಕ್ಕುವುದು, ಮೊದಲ ಸಲ ಜಾಲಿಸುವುದು ಬೋರಿನ ನೀರಲ್ಲಿ. ಕೊನೆಯ ಸಲ ಜಾಲಿಸಲು ಮಾತ್ರ ಒಂದು ಬಕೀಟಿನಷ್ಟು ನಳದ ನೀರು ಎತ್ತಿಡುತ್ತೇನೆ. ಕೊನೆಯಲ್ಲಿ ಪಾತ್ರೆ ಮೇಲೆ ಉಳಿದು ಆರುವ ನೀರೇ ಚುಕ್ಕೆ ಬಿಡುವುದು. ಅದೊಂದು ಮೆದು ನೀರಾದರೆ ಸಾಕು. ಆಮೇಲೆ ಹಳೆ ಪಂಚೆಯ ತುಂಡಿನಲ್ಲಿ ಒರೆಸಿಟ್ಟರೆ ಸ್ಟೀಲಿಗೆ ಬೇರೆ ಯಾವ ಪುಡಿಯೂ ಬೇಡ.

ಇಷ್ಟಾದರೂ ಸುಣ್ಣ ಕೂರುತ್ತದೆ. ಅದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಮಳೆಗಾಲದಲ್ಲಿ ರೇಟು ಬಿದ್ದಾಗ ಚೀಲಗಟ್ಟಲೆ ಬರುತ್ತದೆ. ಬೇಸಿಗೆಯಲ್ಲಿ ಅದೇ ಲಿಂಬೆ ಮುಟ್ಟೋಕಾಗದಷ್ಟು ತುಟ್ಟಿ. ನಾನಂತೂ ತೊಳೆಯುವುದಕ್ಕೆ ಇಡೀ ಲಿಂಬೆ ಕೊಯ್ಯುವುದಿಲ್ಲ. ಶರಬತ್ತಿಗೋ ಚಿತ್ರಾನ್ನಕ್ಕೋ ಹಿಂಡಿದ ಮೇಲೆ ಉಳಿಯುವ ಹೋಳೇ ಸಾಕು. ಅದರಲ್ಲಿ ಇನ್ನೂ ಬೇಕಾದಷ್ಟು ಹುಳಿ ಇರುತ್ತದೆ. ಫ್ರಿಜ್ಜಿನಲ್ಲಿ ಒಂದು ಡಬ್ಬಿ ಇಟ್ಟು ಕೂಡಿಹಾಕುತ್ತೇನೆ.

ನಳದ ಬಾಯಿಗೆ ಹಿಂಡಿದ ಹೋಳನ್ನು ಒತ್ತಿ ಸಿಕ್ಕಿಸಿ, ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿದರೆ ಅರ್ಧ ತಾಸಿನಲ್ಲಿ ಗಡ್ಡೆ ಸಡಿಲಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆದರೆ ಆಯಿತು. ರಾತ್ರಿಯಿಡೀ ಬಿಡಬೇಡಿ. ಜಾಸ್ತಿ ಹೊತ್ತು ಹುಳಿ ತಾಗಿದರೆ ನಳದ ಹೊಳಪೂ ಹೋಗುತ್ತದೆ.

ನೀರು ಕಾಯಿಸುವ ಕಾಯಿಲ್‌ಗೆ ಹೋಳು ಸಾಲುವುದಿಲ್ಲ. ಅದಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ತರುತ್ತೇನೆ. ಅದು ಸಿಟ್ರಿಕ್ ಆಸಿಡ್, ಸಕ್ಕರೆಯ ಹಾಗೆ ಹರಳು ಹರಳಾಗಿರುತ್ತದೆ. ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ. ಪ್ಲಗ್ ತೆಗೆದು, ಕಾಯಿಲ್ ಪೂರ್ತಿ ತಣ್ಣಗಾದ ಮೇಲೆ, ನೀರಲ್ಲಿ ಮುಳುಗುವ ಭಾಗವನ್ನಷ್ಟೇ ಅದರಲ್ಲಿ ಇಳಿಸುತ್ತೇನೆ. ತುಸು ಹೊತ್ತಿಗೆ ಸುತ್ತಲೂ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಿವಿ ಕೊಟ್ಟರೆ ಚಿರ್ರನೆ ಸಪ್ಪಳವೂ ಕೇಳುತ್ತದೆ. ಆಮೇಲೆ ಮೊಟ್ಟೆ ಸಿಪ್ಪೆಯಷ್ಟು ದಪ್ಪದ ಚಕ್ಕೆಗಳು ಕಳಚಿ ತಳಕ್ಕೆ ಬೀಳುತ್ತವೆ. ಸುರುಳಿಯ ಒಳಗಡೆ ಸಿಕ್ಕಿಕೊಂಡದ್ದನ್ನು ಚಾಕುವಿನಿಂದ ಕೆತ್ತಲು ಹೋಗಬಾರದು. ಇನ್ನೊಂದು ಸಲ ನೆನೆಸಿದರೆ ಅದೂ ಬಿಡುತ್ತದೆ. ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಪ್ಲಗ್. ಇದು ಬರೀ ಅಂದಕ್ಕೆ ಮಾಡುವ ಕೆಲಸ ಅಲ್ಲ. ಮೇಲೆ ಸುಣ್ಣ ಕೂತರೆ ಬಿಸಿ ನೀರಿಗೆ ದಾಟುವುದಿಲ್ಲ. ನೀರು ಕಾಯಲು ತಡ, ಕರೆಂಟ್ ಬಿಲ್ಲು ಜಾಸ್ತಿ, ಕಾಯಿಲ್ ಬೇಗ ಸುಡುತ್ತದೆ.

ಬೇಸಿಗೆಯ ಕೂಲರಿಗೂ ಇದೇ ರೋಗ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ನೀರು ತುಂಬುತ್ತಾ ಹೋದರೆ ಟ್ಯಾಂಕಿನ ನೀರು ಇನ್ನೂ ಸವಳಾಗಿ ಹುಲ್ಲಿನ ಪ್ಯಾಡು ಕಲ್ಲಾಗುತ್ತದೆ. ಹಳೆ ನೀರನ್ನು ಆಗಾಗ ಪೂರ್ತಿ ಬಸಿದು ಹೊಸದು ತುಂಬಬೇಕು, ಅಷ್ಟೇ.

ಅಲ್ಯುಮಿನಿಯಂ ಕುಕ್ಕರಿನ ಒಳಗೆ ಕಪ್ಪಾಗುತ್ತದಲ್ಲ, ಅದೂ ನೀರಿನ ಕರಾಮತ್ತೇ. ಕುಕ್ಕರಿನ ತಳಕ್ಕೆ ನೀರು ಹಾಕುವಾಗ ಒಂದು ಲಿಂಬೆ ಹೋಳೋ ಹುಣಸೆ ಹಣ್ಣಿನ ಚೂರೋ ಬಿಟ್ಟರೆ ಕಪ್ಪು ಹಿಡಿಯುವುದಿಲ್ಲ. ನಮ್ಮತ್ತೆ ಮೊದಲಿನಿಂದಲೂ ಹುಣಸೆ ಚೂರೇ ಹಾಕುವುದು.

ಈಗ ಕಲ್ಲಿನ ಮಾತು. ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ. ನಮ್ಮ ಕಡೆ ಅರ್ಧ ಮನೆಗಳಿಗೆ ಶಹಾಬಾದಿ ಫರಸಿ, ಅಡುಗೆ ಕಟ್ಟೆಗೆ ಕಡಪಾ. ಎರಡೂ ಸುಣ್ಣದ ಕಲ್ಲೇ. ನಳದ ಸುಣ್ಣವನ್ನು ಕರಗಿಸುವ ಲಿಂಬೆ ಕಟ್ಟೆಯ ಸುಣ್ಣವನ್ನು ಸುಮ್ನೆ ಬಿಡುತ್ತದೆಯೇ? ಕಡಪಾ ಕಟ್ಟೆ ಮೇಲೆ ಕೊಯ್ದ ಲಿಂಬೆಯನ್ನು ಬೋರಲು ಇಟ್ಟು ಮರೆತರೆ ಬೆಳಗ್ಗೆ ಅಲ್ಲೊಂದು ಮಂಕು ಉಂಗುರ. ಅದು ಕಲೆಯಲ್ಲ, ಪಾಲಿಶ್ ತಿಂದು ಹೋದ ಜಾಗ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿದರೆ ಒಂದೆರಡು ದಿನ ಕಾಣಿಸುವುದಿಲ್ಲ, ಆಮೇಲೆ ಮತ್ತೆ ಅದೇ. ಪಾಯಖಾನೆಗೆ ಹಾಕುವ ಆಸಿಡ್ಡನ್ನು ಫರಸಿಗೂ ಸುರಿಯುವವರಿದ್ದಾರೆ. ಆಗ ನೊರೆ ಬರುವುದು ಕೊಳೆಯಿಂದಲ್ಲ, ಕಲ್ಲಿನಿಂದ. ಇಂಥ ನೆಲಕ್ಕೆ ಸಾದಾ ನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಣ ಬಟ್ಟೆ. ಇಷ್ಟೇ.

ಇಳಕಲ್ಲಿನ ಕೆಂಪು ಗ್ರಾನೈಟಿಗೆ ಲಿಂಬೆಯ ಭಯ ಇಲ್ಲ, ಅದು ಬೇರೆ ಜಾತಿಯ ಕಲ್ಲು. ನಿಮ್ಮ ಮನೆಯದು ಯಾವುದು ಅಂತ ಗೊತ್ತಿಲ್ಲದಿದ್ದರೆ ಸಿಲಿಂಡರಿನ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ಲಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಗುಳ್ಳೆ ಎದ್ದರೆ ಅಥವಾ ಹನಿಯ ಜಾಗ ಮಂಕಾದರೆ ಅದು ಸುಣ್ಣದ ಕಲ್ಲು.

ಜಿಡ್ಡಿಗೆ ಬರೋಣ. ಇಲ್ಲಿ ನಮ್ಮ ಕಡೆಯದೇ ಒಂದು ವಿಶೇಷ ಇದೆ. ಕುಸುಬಿ ಎಣ್ಣೆ. ಬೇರೆ ಊರಿನವರು ಸೂರ್ಯಕಾಂತಿ ಅಂದರೆ ನಮ್ಮ ಮನೆಯ ಹಿರಿಯರು ಕುಸುಬಿ ಬಿಟ್ಟು ಬೇರೆ ಮಾತಾಡುವುದಿಲ್ಲ. ರುಚಿಗೆ ನನ್ನ ತಕರಾರಿಲ್ಲ. ಆದರೆ ಅದು ಗಾಳಿಗೆ ಒಣಗುವ ಎಣ್ಣೆ. ತೆಳ್ಳಗೆ ಹರಡಿಕೊಂಡರೆ ಗಾಳಿಯ ಆಮ್ಲಜನಕ ಹೀರಿ ಹೀರಿ ಗಟ್ಟಿಯಾಗುತ್ತದೆ. ಬಣ್ಣಕ್ಕೂ ವಾರ್ನಿಷ್ಷಿಗೂ ಇದನ್ನು ಬಳಸುವುದು ಅದಕ್ಕೇ. ಅಗಸಿ ಎಣ್ಣೆಯೂ ಇದೇ ಗುಂಪಿನದು. ಎಣ್ಣೆ ಡಬ್ಬಿಯ ಹೊರಮೈ ಮೇಲೆ ಇಳಿದ ಹನಿಯನ್ನು ಅವತ್ತೇ ಒರೆಸದಿದ್ದರೆ ಮೊದಲು ಜಿಗುಟಾಗುತ್ತದೆ. ಅದಕ್ಕೆ ಧೂಳು ಹತ್ತುತ್ತದೆ. ಆಮೇಲೆ ಜೇನು ಬಣ್ಣದ, ಉಗುರಿಗೂ ಬಗ್ಗದ ಪದರಾಗಿ ಕೂರುತ್ತದೆ. ಒಲೆಯ ಹಿಂದಿನ ಟೈಲ್ಸ್, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಮಸಾಲೆ ಡಬ್ಬಿಗಳ ಮುಚ್ಚಳ, ಎಲ್ಲ ಕಡೆ ಇದೇ ಕಥೆ. ಲಿಂಬೆ ಹಾಕಿ ತಿಕ್ಕಿದರೆ ಅಲುಗಾಡುವುದೂ ಇಲ್ಲ.

ಇದಕ್ಕೆ ಒಗೆಯುವ ಸೋಡಾ ಬೇಕು. ಅಡುಗೆ ಸೋಡಾ ಅಲ್ಲ, ಅದು ಮೆತ್ತಗಿನದು. ಕುದಿಯುವ ನೀರು ಒಂದು ಲೀಟರ್, ಒಗೆಯುವ ಸೋಡಾ ಒಂದು ದೊಡ್ಡ ಚಮಚ. ಕೈಗೆ ರಬ್ಬರ್ ಗವಸು ಬೇಕೇ ಬೇಕು, ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ. ಜಿಡ್ಡು ಹಳೆಯದಾಗಿದ್ದರೆ ಹಿಂದಿನ ದಿನವೇ ಅದರ ಮೇಲೆ ತುಸು ಹೊಸ ಎಣ್ಣೆ ಸವರಿ ಬಿಡುತ್ತೇನೆ. ಎಣ್ಣೆಗೆ ಎಣ್ಣೆಯೇ ಅಂತ ನಗಬೇಡಿ. ಪೂರ್ತಿ ಗಟ್ಟಿಯಾಗದ ಮೇಲಿನ ಜಿಗುಟು ಅದರಲ್ಲಿ ಸಡಿಲಾಗುತ್ತದೆ. ಮರುದಿನ ಬಟ್ಟೆಯನ್ನು ಬಿಸಿ ಸೋಡಾ ನೀರಲ್ಲಿ ಅದ್ದಿ, ಹಿಂಡಿ, ಜಿಡ್ಡಿನ ಮೇಲೆ ಹೊದಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಸೋಡಾ ಎಣ್ಣೆಯನ್ನೇ ಸೋಪಿನ ತರ ಮಾಡಿಬಿಡುತ್ತದೆ. ಆಗ ಒರೆಸಿದರೆ ಕಂದು ರಾಡಿಯಾಗಿ ಬಟ್ಟೆಗೆ ಬರುತ್ತದೆ. ಬರೀ ಕೈ ಬಲದಲ್ಲಿ ತಿಕ್ಕುವವರು ಈ ಹತ್ತು ನಿಮಿಷ ಕಾಯುವುದಿಲ್ಲ, ಅದಕ್ಕೇ ಭುಜ ನೋವು ಅನ್ನುತ್ತಾರೆ.

ಅತ್ತೆಯ ಕಾಲದಲ್ಲಿ ಈ ಕೆಲಸಕ್ಕೆಲ್ಲ ಒಲೆಯ ಬೂದಿ ಇತ್ತು. ಕಟ್ಟಿಗೆ ಬೂದಿಯಲ್ಲೂ ಇಂಥದ್ದೇ ಕ್ಷಾರ ಇರುತ್ತದೆ, ಮೇಲಾಗಿ ಅದು ತಿಕ್ಕಲು ತರಿತರಿ. ಈಗ ಗ್ಯಾಸ್ ಬಂದಿದೆ, ಬೂದಿ ಎಲ್ಲಿಂದ ತರುವುದು?

ಸೋಡಾ ಮುಟ್ಟಿಸಬಾರದ ಸಾಮಾನು ಕೆಲವಿವೆ. ಅಲ್ಯುಮಿನಿಯಂ ಪಾತ್ರೆಯನ್ನು ಅದು ಕಪ್ಪು ಮಾಡಿ ತಿನ್ನುತ್ತದೆ. ಆಯಿಲ್ ಪೇಂಟ್ ಹೊಡೆದ ಕಪಾಟಿಗೂ ಬೇಡ. ಆ ಬಣ್ಣವೂ ಒಣಗಿದ ಎಣ್ಣೆಯೇ ತಾನೆ, ಜಿಡ್ಡಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ರೇಷ್ಮೆ, ಉಣ್ಣೆಗಂತೂ ಹತ್ತಿರ ಕೂಡ ತರಬೇಡಿ.

ರೇಷ್ಮೆ ಅಂದಾಗ ಇಳಕಲ್ ಸೀರೆಯ ಮಾತು ಹೇಳಲೇಬೇಕು. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಟೋಪು ತೆನಿ ಅನ್ನುವ ನಮೂನೆಯ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ತೆನೆ. ಕೆಂಪು ಬಿಟ್ಟಿತು ಅಂದರೆ ಬಿಳಿ ತೆನೆ ಗುಲಾಬಿಯಾಗುತ್ತದೆ, ಆಮೇಲೆ ಆ ಸೀರೆಯ ಅಂದವೇ ಹೋಯಿತು. ಮೊದಲ ಸಲ ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಕಾಯಂ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ನಂಬಬೇಡಿ. ಉಪ್ಪು ಇರುವಷ್ಟು ಹೊತ್ತು ಬಣ್ಣ ಬಿಡುವುದು ಕಮ್ಮಿಯಾಗಬಹುದು. ಕೂತಿಲ್ಲದ ಬಣ್ಣವನ್ನು ಕೂರಿಸುವ ಶಕ್ತಿ ಅದಕ್ಕಿಲ್ಲ. ಮುಂದಿನ ಸಲ ಅದು ಮತ್ತೆ ಬಿಡುತ್ತದೆ.

ನಾನು ಮಾಡುವುದು ಇಷ್ಟು. ಅಂಟವಾಳ ಕಾಯಿ ಹತ್ತು ಹನ್ನೆರಡು, ಬೀಜ ತೆಗೆದು ರಾತ್ರಿ ನೀರಲ್ಲಿ ನೆನೆಹಾಕುತ್ತೇನೆ. ಬೆಳಗ್ಗೆ ಕಿವುಚಿ ಸೋಸಿದರೆ ಚಹಾ ಬಣ್ಣದ ನೀರು ಸಿಗುತ್ತದೆ. ತುಸು ಅಲ್ಲಾಡಿಸಿದರೆ ಸಾಕು, ನೊರೆ ಮೇಲೇಳುತ್ತದೆ. ಸವಳು ನೀರಲ್ಲಿ ಸೋಪು ಕೆನೆಗಟ್ಟುವ ಹಾಗೆ ಇದು ಕೆನೆಗಟ್ಟುವುದಿಲ್ಲ. ಆದರೂ ಇಳಕಲ್ ಸೀರೆಗೆ ನಳದ ನೀರೇ. ಸೆರಗನ್ನು ಒಂದು ಬೋಗುಣಿಯಲ್ಲಿ, ಒಡಲನ್ನು ಬಕೀಟಿನಲ್ಲಿ ಬೇರೆ ಬೇರೆ ಅದ್ದಿ ತೆಗೆಯುತ್ತೇನೆ. ಐದು ನಿಮಿಷಕ್ಕಿಂತ ಜಾಸ್ತಿ ನೆನೆಸುವುದಿಲ್ಲ, ಹಿಂಡುವುದಿಲ್ಲ, ಒದ್ದೆ ಸೀರೆಯನ್ನು ಮಡಿಸಿ ಇಡುವುದಂತೂ ಇಲ್ಲವೇ ಇಲ್ಲ. ಕೆಂಪು ಬಿಳಿಗೆ ಹತ್ತುವುದು ಹೆಚ್ಚಾಗಿ ಒದ್ದೆ ಮಡಿಕೆಯೊಳಗೇ. ಸೆರಗಿನ ಕೆಳಗೆ ಹಳೆ ಬಿಳಿ ಟವೆಲ್ ಹಾಸಿ, ನೆರಳಲ್ಲಿ ಹರವುತ್ತೇನೆ. ಅಂಟವಾಳದ ನೀರು ಕಣ್ಣಿಗೆ ಬಿದ್ದರೆ ಉರಿ ಭಾಳ, ಅದೊಂದು ನೆನಪಿರಲಿ.

ಅರಿಷಿಣದ ಕಲೆ ನೋಡಿದ ಕೂಡಲೇ ಸೋಪು ಹಚ್ಚಿ, ಕೆಂಪಗಾದದ್ದನ್ನು ಕಂಡು ಗಾಬರಿ ಬೀಳುವವರು ಬಹಳ. ಅರಿಷಿಣ ಕ್ಷಾರಕ್ಕೆ ಕೆಂಪಾಗುತ್ತದೆ, ಅದರ ಗುಣವೇ ಅದು. ತೊಳೆದು ಬಿಸಿಲಿಗೆ ಹಾಕಿ. ನಮ್ಮೂರ ಬಿಸಿಲಿಗೆ ಅರಿಷಿಣ ನಿಲ್ಲುವುದಿಲ್ಲ. ಎರಿ ಮಣ್ಣಿನ ರಾಡಿಗೆ ಇದರ ಉಲ್ಟಾ ಕ್ರಮ. ಹಸಿ ಇರುವಾಗ ನೀರು ಹಾಕಿ ತಿಕ್ಕಿದರೆ ನೂಲಿನೊಳಗೆ ಇನ್ನೂ ಇಳಿಯುತ್ತದೆ. ಹೊಲದಿಂದ ಬಂದ ಧೋತರವನ್ನು ಮೊದಲು ಪೂರ್ತಿ ಒಣಗಿಸಿ, ಜಾಡಿಸಿ, ಬ್ರಷ್ ಹೊಡೆದು, ಆಮೇಲೆ ನೀರಿಗೆ ಹಾಕುವುದು.

ಹಿತ್ತಾಳೆ, ತಾಮ್ರಕ್ಕೆ ಹುಣಸೆ ಹಣ್ಣು, ಉಪ್ಪು ಎಲ್ಲರಿಗೂ ಗೊತ್ತು. ಉಪ್ಪು ಬರೀ ತರಿಗಾಗಿ ಅಲ್ಲ, ಕಿಲುಬು ಬಿಡಿಸುವುದರಲ್ಲಿ ಹುಳಿಗೆ ಅದರ ನೆರವೂ ಇದೆ. ತೊಳೆದ ತಕ್ಷಣ ಒರೆಸದಿದ್ದರೆ ಸಂಜೆಗೆ ಮತ್ತೆ ಮಂಕು. ಆದರೆ ಒಳಗೆ ಕಲಾಯಿ ಇದ್ದರೆ ಇಟ್ಟಂಗಿ ಪುಡಿಯೂ ಬೇಡ, ತಂತಿ ಬ್ರಷ್ಷೂ ಬೇಡ. ಕಲಾಯಿ ತೆಳು ಪದರು, ಸವೆದರೆ ಮತ್ತೆ ಹಾಕಿಸಬೇಕು. ಹಾಕುವವರು ಈಗ ಓಣಿಗೆ ಬರುವುದೇ ಅಪರೂಪ.

ಲಿಂಬೆ ಸಿಪ್ಪೆಯ ಎಂಜೈಮ್ ಬಗ್ಗೆಯೂ ಕೇಳುತ್ತಿರುತ್ತಾರೆ. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು, ಮೂರು ತಿಂಗಳು ಹುದುಗಬೇಕು. ಮಹಾಲಿಂಗಪುರದ ಬೆಲ್ಲ ಮನೆಯಲ್ಲಿದ್ದಾಗ ನಾನೂ ಹಾಕಿಡುತ್ತೇನೆ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಇರಲಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲ ಮಾಡಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಬಾಟಲಿ ಉಬ್ಬಿ ಒಡೆಯುತ್ತದೆ. ಸೋಸಿದ ನೀರು ಟೈಲ್ಸ್ ಒರೆಸಲು ಚೆನ್ನಾಗಿದೆ, ವಾಸನೆ ಹಿತ. ಆದರೆ ಅದೂ ಹುಳಿಯೇ, ಶಹಾಬಾದಿ ನೆಲಕ್ಕೆ ಬೇಡ. ರೋಗಾಣು ಸಾಯಿಸುತ್ತದೆ ಅಂತ ಅದನ್ನೇ ನಂಬಿ ಕೂರುವುದೂ ಬೇಡ. ಮನೆಯಲ್ಲಿ ವಾಂತಿ ಭೇದಿ ಆದವರಿದ್ದರೆ ನಾನು ಸೀದಾ ಬ್ಲೀಚಿಂಗ್ ಪುಡಿಯ ನೀರು ಹಾಕುತ್ತೇನೆ.

ಬ್ಲೀಚಿಂಗ್ ಹಾಕುವ ದಿನ ಬೇರೆ ಯಾವುದನ್ನೂ ಹಾಕುವುದಿಲ್ಲ. ಲಿಂಬೆ, ವಿನೆಗರ್, ಪಾಯಖಾನೆಯ ಆಸಿಡ್, ಯಾವುದು ತಾಗಿದರೂ ಕ್ಲೋರಿನ್ ಗಾಳಿ ಏಳುತ್ತದೆ. ಸಣ್ಣ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಿಕ್ಕುವವರಿಗೆ ಅದು ಜೀವಕ್ಕೇ ಬರಬಹುದು. ಎರಡು ಸೇರಿಸಿದರೆ ಎರಡರಷ್ಟು ಸ್ವಚ್ಛ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒಗೆಯುವ ಸೋಡಾ, ಅಡುಗೆ ಸೋಡಾ, ನಿಂಬೆ ಉಪ್ಪು, ಬ್ಲೀಚಿಂಗ್ ಪುಡಿ, ನಾಲ್ಕೂ ಬೆಳ್ಳಗೆ ಇರುತ್ತವೆ. ಡಬ್ಬಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ, ಹಾಗಾಗಿ ಒಗೆಯುವ ಸೋಡಾ, ಬ್ಲೀಚಿಂಗ್ ಡಬ್ಬಿಗಳ ಕುತ್ತಿಗೆಗೆ ಕೆಂಪು ದಾರ ಸುತ್ತಿದೆ. ಅವೆರಡೂ ಅಡುಗೆಮನೆಯೊಳಗೆ ಬರುವುದಿಲ್ಲ, ಬಚ್ಚಲ ಮೇಲಿನ ಮಾಡದಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇರುತ್ತವೆ.